ಪಾಚಿಯ ಮೇಲೆ ಸಾಹುಕಾರನಿಗೆ ಊಟ

ಬ್ರಿಯೆಕ್ ಕುಡಿದು ಸತ್ತ ಅಂತ ಊರೆಲ್ಲ ಸಾರಿದವನು ಹಂದಿ ಸಾಹುಕಾರ ಕೆರ್ಮರೆಕ್. ಬೆಳಗ್ಗೆ ಬರೀ ಕಾಫಿ ಕುಡಿದು ಹೋದ ಗಂಡಸು, ಕಡಲ ದಂಡೆಯ ಹಸಿರು ಪಾಚಿ ಬಳಿಯುತ್ತಾ ಟ್ರ್ಯಾಕ್ಟರಿನ ಸ್ಟಿಯರಿಂಗ್ ಮೇಲೇ ಹೆಣವಾಗಿದ್ದ. ಹೆಂಡತಿ ನೊಲ್ವೆನ್‌ಗೆ ಸಾವಿಗಿಂತ ಆ ಮಾತೇ ಹೆಚ್ಚು ಉರಿಯುತ್ತಿತ್ತು. ಅದನ್ನು ಆ ಸಾಹುಕಾರನಿಂದಲೇ ನುಂಗಿಸಬೇಕು, ಊರೆದುರು.

ಸಾಹುಕಾರನ ಹಂದಿಗಳ ಹೇಲು-ಉಚ್ಚೆ ಹೊಲಕ್ಕೆ, ಹೊಲದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ಅದನ್ನು ತಿಂದು ಪಾಚಿ ಕೊಬ್ಬುತ್ತದೆ, ಕಡಲು ಬಿಸಿಯಾದಷ್ಟೂ ಇನ್ನಷ್ಟು. ಕೊಳೆತ ಪಾಚಿ ಒಣಗಿ ಕಟ್ಟಿದ ಹೆಪ್ಪು ಒಡೆದರೆ ಏಳುವ ಗಾಳಿ ಎರಡೇ ಉಸಿರಿಗೆ ಆಳನ್ನು ಕೆಡವುತ್ತದೆ. ಬ್ರಿಟನಿ ಸೀಮೆಯ ಆ ಕೊಲ್ಲಿಯಲ್ಲಿ ಇದು ಯಾರಿಗೆ ಗೊತ್ತಿಲ್ಲ ಹೇಳಿ? ಅರ್ಧ ಊರಿಗೆ ಸಾಹುಕಾರನೇ ಅನ್ನ ಹಾಕುತ್ತಿದ್ದ, ಅದಕ್ಕೇ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಈಗ ಅವನಿಗೆ ಇನ್ನೂ ದೊಡ್ಡ ಹಂದಿ ಶೆಡ್ ಬೇಕಂತೆ. "ಪಾಚಿ ಏನ್ ಮಾಡುತ್ತೆ? ಅದರ ಮೇಲೆ ಕೂತು ಊಟ ಮಾಡಬಹುದು" ಅಂತ ಟೀವಿಯಲ್ಲಿ ಹಲ್ಲು ಕಿರಿದ.

"ಮಾಡಿಸೋಣ ಬಿಡು" ಅಂದಳು ನೊಲ್ವೆನ್.

ಶೆಡ್ಡಿನ ಪರವಾನಗಿ ವಿಚಾರಣೆಗೆ ಅಧಿಕಾರಿ ಬರುವ ದಿನ, ನೊಲ್ವೆನ್ ಜೊತೆ ಕೊಲ್ಲಿ ಉಳಿಸುವ ಸಂಘದ ಹೆಂಗಸರು ವಿಷಗಾಳಿ ತಡೆಯುವ ಮಾಸ್ಕ್ ಹಾಕಿಕೊಂಡು ಮೆಲ್ಲಗೆ ಹೆಪ್ಪಿನ ಮೇಲೆ ಮೇಜು ಇಟ್ಟರು. ಬಿಳಿ ಬಟ್ಟೆ ಹಾಸಿದರು. ಸೇಬಿನ ಸೈಡರ್, ಸಾಸೇಜು ಸುತ್ತಿದ ಬಿಸಿ ದೋಸೆ, ಒಂದೇ ಒಂದು ಕುರ್ಚಿ. ಊರಿಗೆ ಊರೇ ಕಡಲ ತಡೆಗೋಡೆಯ ಮೇಲೆ ಸಾಲಾಗಿ ನಿಂತಿತು.

ಸಾಹುಕಾರ ಅಧಿಕಾರಿಯ ಜೊತೆ ಗೋಡೆಯ ಮೇಲೆ ಬಂದ, ಕಂಕುಳಲ್ಲಿ ಮುದ್ದಿನ ನಾಯಿ.

"ದಯಮಾಡಿಸಿ ಸಾಹುಕಾರ್ರೇ, ಆರಿಹೋಗುತ್ತೆ" ಕೆಳಗಿನಿಂದ ಕೂಗಿದಳು ನೊಲ್ವೆನ್.

"ಹೊಟ್ಟೆ ತುಂಬಿದೆ ಕಣಮ್ಮ."

"ನಿಮ್ಮ ಹೊಟ್ಟೆ ತುಂಬಿದ್ದನ್ನ ಈ ಊರು ಯಾವತ್ತೂ ನೋಡಿಲ್ಲವಲ್ಲ" ಅಂದಳು ಮುದುಕಿ ಮಾಯಿವೋನ್. ಜನ ಕಿಸಕ್ಕೆಂದರು. ಅಧಿಕಾರಿ ಸಾಹುಕಾರನ ಮುಖವನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಸಾಸೇಜಿನ ವಾಸನೆಗೆ ನಾಯಿ ಕೊಸರಿಕೊಂಡು ಜಿಗಿದು, ಮೆಟ್ಟಿಲಿಳಿದು ಮೇಜಿನತ್ತ ಓಟ ಕಿತ್ತಿತು.

"ಪಿಪಾ, ಬೇಡ! ಯಾರಾದ್ರೂ ಹಿಡೀರೋ, ಆ ಗಾಳಿ ಕುಡಿದ್ರೆ ಸತ್ತೇ ಹೋಗುತ್ತೆ!" ಸಾಹುಕಾರ ಅರಚಿದ.

ಗೋಡೆಯ ಮೇಲಿದ್ದವರೆಲ್ಲ ನಾಯಿಯನ್ನು ಬಿಟ್ಟು ಸಾಹುಕಾರನತ್ತ ತಿರುಗಿದರು. ಹೆಪ್ಪಿನ ಅಂಚಿನಲ್ಲಿ ನೊಲ್ವೆನ್ ನಾಯಿಯ ಕೊರಳಪಟ್ಟಿ ಹಿಡಿದಳು. ಬಿಟ್ಟುಬಿಡಲಾ ಅಂತ ಒಂದು ಗಳಿಗೆ ಅವಳ ಕೈ ತುರಿಸಿತು, ಸುಳ್ಳೇಕೆ ಹೇಳಲಿ. ಆದರೆ ನಾಯಿ ಅವಳಿಗೇನು ಮಾಡಿತ್ತು, ಪಾಪ. ಅದನ್ನು ಎದೆಗವಚಿಕೊಂಡು ಮೇಲೆ ಬಂದು ಮಾಸ್ಕ್ ತೆಗೆದಳು.

ಸಾಹುಕಾರ ಕೈ ಚಾಚಿದ. ಅವಳು ಕೊಡಲಿಲ್ಲ.

"ಇದು ಸತ್ತಿದ್ರೆ ಏನಂತ ಸಾರ್ತಿದ್ರಿ? ಕುಡಿದು ಸತ್ತಿತು ಅಂತಲಾ?"

"ನಾಯಿ ಕೊಡಮ್ಮ."

"ಕೊಡ್ತೀನಿ. ಈಗ ಅಂದ್ರಲ್ಲ, ಅದೇ ಮಾತು ನನ್ನ ಗಂಡನ ಹೆಸರು ಹಿಡಿದು ಹೇಳಿ."

ಅವನು ಅಧಿಕಾರಿಯ ಕಡೆ ನೋಡಿದ, ಜನರ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿ, "ಬ್ರಿಯೆಕ್ ಆ ಗಾಳಿ ಕುಡಿದೇ ಸತ್ತಿದ್ದು" ಅಂತ ಗೊಣಗಿದ.

ಇಷ್ಟು ವರ್ಷ ತುಟಿ ಬಿಚ್ಚದ ಊರು ಗೋಡೆಯ ಮೇಲಿಂದ ಒಕ್ಕೊರಲಿನಲ್ಲಿ ಅಂದಿತು: "ಕೇಳಿಸಲಿಲ್ಲ."