ಬರೀ ಸ್ಯಾಂಪಲ್

ನಮ್ಮ ಮನೆಯ ಹೊರಗೋಡೆಗೆ ಬಣ್ಣ ಹಚ್ಚಬೇಕೋ ಬೇಡವೋ ಎಂದು ತೀರ್ಮಾನ ಮಾಡುವಷ್ಟರಲ್ಲಿ ಬಣ್ಣ ಹಚ್ಚಿ ಮುಗಿದಿತ್ತು. ಇದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ಈಗಲೂ ವಾದಿಸುತ್ತೇನೆ.

ಗೋಡೆ ಕಟ್ಟಿದವರು ನನ್ನ ಮಾವ. ಗಾರೆ ಕೆಲಸದವರು, ಬಾಯಿ ಜೋರು. ಆ ಕೆಂಪು ಇಟ್ಟಿಗೆಗಳನ್ನು ಒಮ್ಮೆ ಸವರಿ ಹೊಗಳಿಕೊಳ್ಳದೆ ಅವರಿಗೆ ಬೆಳಗಿನ ಟೀ ಇಳಿಯುತ್ತಿರಲಿಲ್ಲ. ಕರೆಗಂಟೆಯ ಪಕ್ಕದ ಒಂದೇ ಒಂದು ಇಟ್ಟಿಗೆ ಮಾತ್ರ ಸೊಟ್ಟ ಕೂತಿತ್ತು. ಅದಕ್ಕೊಂದು ಕಾರಣವಿದೆ ಎಂದು ಅವರು ಶುರುಮಾಡಿದರೆ ಸಾಕು, ಮಗಳು, ಅಂದರೆ ನನ್ನ ಹೆಂಡತಿ, "ಸಾಕಪ್ಪಾ, ಕೇಳಿ ಕೇಳಿ ಕಿವಿ ತೂತಾಯ್ತು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳು ಬಣ್ಣದಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬಣ್ಣ ಕಾಣದ ವಸ್ತು ಕಂಡರೆ ಅವಳ ಕೈ ತುರಿಸುತ್ತದೆ. ಹೊರಗೋಡೆಗೂ ಹಚ್ಚೋಣ ಎಂದು ಹಟ ಹಿಡಿದಳು.

"ಇಟ್ಟಿಗೆ ಉಸಿರಾಡುತ್ತೆ ಕಣೇ," ಎಂದರು ಮಾವ. "ಬಣ್ಣ ಬಳಿದ್ರೆ ತೇವ ಒಳಗೇ ಕೂತು ಕೊಳೆಯುತ್ತೆ."

"ಗೋಡೆ ಮೇಲಿನ ನೀರಿನ ಪೈಪೂ ಉಸಿರಾಡುತ್ತಾ?" ಎಂದಳು ಅವಳು.

"ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯೋದೇ ಇಲ್ಲ, ಸಿಪ್ಪೆ ಎದ್ದು ಬರುತ್ತೆ. ನೋಡು, ಈ ಗೋಡೆಗೆ ಬಣ್ಣ ಬಿದ್ದ ದಿನ ನಾನು ನಿನ್ನ ತಂಗಿ ಮನೆಗೆ ಹೊರಟೆ."

ಮಾತಿಗೆ ತಕ್ಕಂತೆ ಬ್ಯಾಗನ್ನೂ ತುಂಬಿ ಬಾಗಿಲ ಬಳಿ ಇಟ್ಟರು. ನನಗೆ ಗಾಬರಿಯಾಯಿತು. ನಮ್ಮ ಮನೆಯಲ್ಲಿ ನನ್ನ ಪರ ವಹಿಸುವ ಒಂದೇ ಜೀವ ಅವರು. ಅವರಿಲ್ಲದ ಟೀ ಹೊತ್ತು ನನಗೆ ಬೇಡವೇ ಬೇಡ. ಹಾಗೆಂದು ಹೆಂಡತಿಗೆ ಬೇಡ ಎನ್ನುವ ಧೈರ್ಯವೂ ನನಗಿಲ್ಲ.

"ಮೊದಲು ಸ್ವಲ್ಪ ಸ್ಯಾಂಪಲ್ ಹಚ್ಚಿ ನೋಡೋಣ," ಎಂದೆ.

ಅಂಗೈಯಗಲ ಹಚ್ಚಿದೆವು. ಅದು ನೆರಳಿನ ಕಡೆ, ಬಿಸಿಲಿಗೂ ನೋಡಬೇಕು ಎಂದಳು ಹೆಂಡತಿ. ಬಿಸಿಲಿನ ಕಡೆ ಬಣ್ಣ ನಿಂತಿತು. ಮಾವನಿಗೆ ತಡೆಯಲಾಗಲಿಲ್ಲ. "ಮಳೆ ಹೊಡೆಯೋ ಕಡೆ ನಿಲ್ಲುತ್ತಾ? ತಾ ಇಲ್ಲಿ!" ಎಂದು ಬ್ರಷ್ ಕಿತ್ತುಕೊಂಡು ತಾವೇ ಒಂದು ಬಾಗಿಲಿನಷ್ಟು ಬಳಿದರು. ಅದು ಗುಳ್ಳೆ ಎದ್ದಾಗ ಕುಣಿದಾಡಿದರು. ತೆಳುವಾಯಿತು, ಅದಕ್ಕೇ ಎಂದು ಅವಳು ಪಕ್ಕದಲ್ಲೇ ಎರಡು ಕೋಟ್ ಹೊಡೆದಳು. ಮೂರು ಹೊಡೆದರೂ ಅಷ್ಟೇ ಎಂದು ತೋರಿಸಲು ಅವರು ಏಣಿ ಹತ್ತಿದರು. ಪೈಪನ್ನು ಒಬ್ಬರು ಉಜ್ಜಿ ಹಚ್ಚಿದರು, ಒಬ್ಬರು ಉಜ್ಜದೆ ಹಚ್ಚಿದರು. ಪ್ಲಾಸ್ಟಿಕ್ ಕಿಟಕಿ ಚೌಕಟ್ಟು, ನಲ್ಲಿ, ನಲ್ಲಿಯ ಕೆಳಗಿನ ಬಕೆಟ್ಟು, ಯಾವುದನ್ನೂ ಪರೀಕ್ಷೆಯಿಂದ ಬಿಡಲಿಲ್ಲ. ಬಕೆಟ್ ಎತ್ತಿದರೆ ಬಣ್ಣ ಕೈಗೆ ಬರುತ್ತಿತ್ತು, ಬಕೆಟ್ ಅಲ್ಲೇ ಇರುತ್ತಿತ್ತು.

ಕಡೆಗೊಂದು ಬೆಳಿಗ್ಗೆ ಮಾವ ತೀರ್ಪು ಕೊಟ್ಟರು. "ನೋಡಿದ್ದಾಯ್ತು. ಬಣ್ಣ ಬೇಡ."

"ಸರಿಯಪ್ಪ, ಬೇಡ," ಎಂದಳು ಹೆಂಡತಿ.

ಇಬ್ಬರೂ ಒಪ್ಪಿದ್ದು ಅದೇ ಮೊದಲು. ಖುಷಿಗೆ ನನ್ನ ಕಣ್ಣು ತುಂಬಿತು. ಮಾವ ತಮ್ಮ ಗೋಡೆಯನ್ನು ಕಣ್ತುಂಬ ನೋಡಲು ರಸ್ತೆಗೆ ಇಳಿದರು, ತಿರುಗಿದರು, ಅಲ್ಲೇ ನಿಂತುಬಿಟ್ಟರು. ಅಲ್ಲಿಂದ ಕೆಂಪು ಎಂಬುದೇ ಕಾಣುತ್ತಿರಲಿಲ್ಲ.

"ಅರ್ಧ ನೀನೇ ಬಳಿದಿದ್ದು," ಎಂದಳು ಮಗಳು.

"ನಾನು ಬಳಿದಿದ್ದು ಬೇಡ ಅಂತ ತೋರಿಸೋಕೆ!"

ಸೀದಾ ಹೋಗಿ ಬ್ಯಾಗ್ ಎತ್ತಿಕೊಂಡರು. "ಬರ್ತೀನಿ ಅಳಿಯಂದಿರೇ," ಎಂದರು. "ಮಾವ, ಬರೀ ಸ್ಯಾಂಪಲ್ಲು..." ಎಂದು ನಾನು ತೊದಲಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಅವರ ಕಣ್ಣು ಕರೆಗಂಟೆಯ ಪಕ್ಕಕ್ಕೆ ಹೋಗಿತ್ತು. ಅಲ್ಲಿ ಒಂದೇ ಒಂದು ಇಟ್ಟಿಗೆ ಕೆಂಪಗಿತ್ತು. ಸುತ್ತ ಬ್ರಷ್ಷನ್ನು ಹುಷಾರಾಗಿ ತಿರುಗಿಸಿ ಬಿಟ್ಟ ಗುರುತಿತ್ತು.

"ಇಷ್ಟು ದೊಡ್ಡ ಗೋಡೇಲಿ ಆ ಸೊಟ್ಟದ್ದೇ ಸಿಕ್ತಾ ನಿಂಗೆ ಉಳಿಸೋಕೆ?"

"ಅದನ್ನೂ ಮುಚ್ಚಿಬಿಟ್ರೆ ನಿನ್ನ ಹತ್ರ ಯಾವ ವಿಷಯಕ್ಕೆ ಜಗಳ ಆಡ್ಲಿ?" ಎಂದಳು ಅವಳು, ಮುಖ ಆ ಕಡೆ ತಿರುಗಿಸಿ.

ಮಾವ ಬ್ಯಾಗ್ ಕೆಳಗಿಟ್ಟು ಆ ಇಟ್ಟಿಗೆಯನ್ನು ಸವರಿದರು. "ಇದು ಸೊಟ್ಟ ಆಗಿದ್ದಕ್ಕೆ ಒಂದು ಕಾರಣ ಇದೆ," ಎಂದು ಶುರುಮಾಡಿದರು.

ಹೆಂಡತಿ ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತಳು.

"ಏನಪ್ಪಾ ಕಾರಣ?"

ನಾನು ಬ್ಯಾಗನ್ನು ಒಳಗೆ ಒಯ್ದು ಟೀಗೆ ನೀರಿಟ್ಟೆ.