ಕಂಪನಿ ಸತ್ತ ಮನೆ

"ಕೂತ್ಕೋಬೇಡ್ರೋ, ದರಿದ್ರ ಮುಂಡೇವಾ! ಸೋಫಾ ಕಂಪನೀದು!"

ಡೈರೆಕ್ಟರ್ ವೈರವನ್ ಮಾತಾಡುವುದೆಲ್ಲ ಮೂಗಿನಲ್ಲೇ; ಬೈದರೂ ನೆಗಡಿಯಾದ ನಾದಸ್ವರದ ಹಾಗೆ ಕೇಳುತ್ತದೆ. ನಾವು ನೆಲದ ಮೇಲೆ ಕೂತೆವು. ನೆಲವೂ ಕಂಪನಿಯದೇ ಅಂತೆ, ಅದಕ್ಕೆ ಮಾತ್ರ ಅಡ್ಡಿಯಿಲ್ಲ.

ಮಧುರೈ ಸುತ್ತ ಎಲ್ಲಿ ಸಾವಾದರೂ ತಮಟೆ ಹೊಡೆಯುವವರು ನಮ್ಮ ಕೇರಿಯ ಗಂಡಸರು, ಎದೆ ಬಡಿದುಕೊಂಡು ಹಾಡುವವರು ನಮ್ಮ ಹೆಂಗಸರು. ಆ ತಮಟೆಗಳನ್ನು ಯಾವುದೋ ಉತ್ಸವಕ್ಕೆಂದು ಈತನ ಕಂಪನಿ ಒಯ್ದಿತ್ತು. ಪೊಂಗಲ್ ಕಳೆದ ಕೂಡಲೇ ವಾಪಸು ಎಂದು ಒಪ್ಪಂದ. ಚಿತ್ತಿರೈ ತಿಂಗಳು ಬಂದರೂ ತಮಟೆ ಬರಲಿಲ್ಲ. ನಮ್ಮ ಹೆಣಗಳೆಲ್ಲ ಪಕ್ಕದೂರಿನ ಬ್ಯಾಂಡಿನವರ ಪಾಲಾಗುತ್ತಿದ್ದವು. ಇಲ್ಲಿ ನೋಡಿದರೆ ತಮಟೆಗಳು ನವಿಲುಗರಿ ಸಿಕ್ಕಿಸಿಕೊಂಡು ಈತನ ಗೋಡೆಯ ಮೇಲೆ ನೇತಾಡುತ್ತಿವೆ.

"ರುಜು ಹಾಕಿದ್ದು ನೀವೇ ಅಲ್ವಾ ಸಾಮಿ? ಕೊಡಿ ಮತ್ತೆ," ಎಂದಳು ಒಚ್ಚಾಯಿ ಅತ್ತೆ. ಸಾವಿನ ಹಾಡಿಗೆ ಮೊದಲ ದನಿ ಅವಳದೇ.

"ನಾನ್ ಹಾಕಿದ್ದು ಕಂಪನಿ ಪರವಾಗಿ. ಕಾನೂನಲ್ಲಿ ಕಂಪನಿ ಅಂದ್ರೆ ಬೇರೆ ಮನುಷ್ಯ ಕಣಮ್ಮಾ. ಮಾತು ಕೊಟ್ಟೋನೂ ಅವನೇ, ತಪ್ಪಿದೋನೂ ಅವನೇ. ನಾನು ಬರೀ ಡೈರೆಕ್ಟರು."

"ಹಂಗಾರೆ ಅವನ್ನೇ ಕರೀರಿ."

"ಅವನು ಮುಳುಗೋದ. ಸತ್ತ ಅಂತ್ಲೇ ತಿಳ್ಕೋ."

"ಅಯ್ಯೋ ಸಿವನೇ! ಎಲ್ಲಿದ್ನೋ ಪಾಪ?"

"ಇದೇ ವಿಳಾಸ. ಮನೆ, ಕಾರು, ಗೋಡೆ ಮೇಲಿನ ಆ ಚರ್ಮ, ಎಲ್ಲಾ ಅವನದೇ. ನಂದು ಅಂತ ಈ ಪಂಚೆ ಒಂದೇ. ತೊಲಗ್ರೀಗ!"

ಅತ್ತೆ ಎದ್ದಳು. ಹೊರಗೆ ಬಂದವಳೇ ಗೇಟಿನ ಕಂಪನಿ ಬೋರ್ಡು ಕೀಳಿಸಿ, ಕಾವಲುಗಾರನ ಮಂಚದ ಮೇಲೆ ಮಲಗಿಸಿ, ಅದರ ಹಣೆಗೆ ವಿಭೂತಿ ಬಳಿದಳು. ಮುಡಿ ಬಿಚ್ಚಿದಳು.

"ಮಾತು ಕೊಟ್ಟು ಮಲಗ್ಬಿಟ್ಯಲ್ಲೋ, ನನ್ನ ರಾಜಾ!
ಕಾರು ಇಟ್ಟಿದ್ಯಲ್ಲೋ, ಸೋಫಾ ಇಟ್ಟಿದ್ಯಲ್ಲೋ,
ಕೂರೋಕೆ ಕುಂಡೀನೇ ಇಲ್ದೆ ಹೋದ್ಯಲ್ಲೋ!"

ಬೀದಿ ನೆರೆಯಿತು. ಎದುರು ಮನೆಯ ನಿವೃತ್ತ ತಹಸೀಲ್ದಾರರು ಹಾರ ಹಿಡಿದೇ ಬಂದರು.

"ಯಾರಪ್ಪಾ ಹೋಗಿದ್ದು?"

"ಮನೆ ಯಜಮಾನ," ಎಂದೆ ನಾನು. ಸುಳ್ಳೇನಲ್ಲ.

ವೈರವನ್ ಓಡಿ ಬಂದ. "ಯಾರೂ ಸತ್ತಿಲ್ಲ! ಸತ್ತಿದ್ದು ಕಂಪನಿ! ನನಗೂ ಅವನಿಗೂ ಸಂಬಂಧ ಇಲ್ಲ!"

"ಅನ್ನ ಹಾಕಿದೋನ್ನ ಹಾಗನ್ನಬಾರದು ತಂಬಿ," ಎಂದರು ತಹಸೀಲ್ದಾರರು, ಬೋರ್ಡಿಗೆ ಹಾರ ಹಾಕುತ್ತ. "ಅದಿರಲಿ, ಹೆಣ ಯಾವಾಗ ಎತ್ತೋದು? ಅಲ್ಲೀವರೆಗೂ ಬೀದೀಲಿ ಯಾರ ಮನೇಲೂ ಒಲೆ ಹಚ್ಚೋ ಹಾಗಿಲ್ಲ. ನನಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು."

"ತಮಟೆ ಬೀಳ್ದೆ ಹೆಣ ಏಳಲ್ಲ ಸಾಮಿ," ಎಂದಳು ಅತ್ತೆ, ಹಾಡಿನ ನಡುವೆಯೇ.

"ತಮಟೆ ಎಲ್ಲಿ?"

ಅತ್ತೆ ಕಿಟಕಿಯತ್ತ ಗದ್ದ ಎತ್ತಿದಳು.

ಬೀದಿಯೆಲ್ಲ ಹಸಿದ ಹೊಟ್ಟೆಯಲ್ಲಿ ವೈರವನ್‌ನನ್ನೇ ನೋಡಿತು. ಒಬ್ಬಾಕೆ, "ನನ್ನ ಇಡ್ಲಿ ಹಿಟ್ಟು ಹುಳಿ ಬರ್ತಿದೆ, ಬೇಗ ಕೊಡ್ರೀ!" ಎಂದು ಕಿರುಚಿದಳು. ಅವನೇ ಒಳಗೆ ಹೋಗಿ, ಸ್ಟೂಲು ಹತ್ತಿ, ಒಂದೊಂದೇ ಇಳಿಸಿ ತಂದ.

"ತಗೊಂಡು ಸಾಯ್ರಿ!"

ನಾವು ಹುಲ್ಲಿಗೆ ಬೆಂಕಿ ಇಟ್ಟು ಚರ್ಮ ಕಾಯಿಸಿದೆವು. ಮೊದಲು ಉರಿದದ್ದು ನವಿಲುಗರಿ. ನಾಲ್ವರು ಮಂಚ ಎತ್ತಿದರು. ಅಷ್ಟರಲ್ಲಿ ಬೀದಿಯ ಕ್ಷೌರಿಕ ಪಳನಿ, ಯಾರೂ ಕರೆಯದಿದ್ದರೂ, ರೂಢಿಯಂತೆ ಚೊಂಬು ಹಿಡಿದು ಬಂದು ವೈರವನ್ ತಲೆಗೆ ತಣ್ಣೀರು ಸುರಿದ.

"ಕೊಳ್ಳಿ ಇಡೋರು ನೀವೇ ತಾನೆ? ತಲೆ ಮಾತ್ರ ಬೋಳಿಸ್ಲಾ, ಮೀಸೆ ಸಮೇತನಾ ಸಾಮಿ?"

ವೈರವನ್ ಮೂಗಿನಲ್ಲಿ ಏನೋ ಕೂಗಿದ. ಏನೆಂದು ನಮಗೆ ಇಂದಿಗೂ ಗೊತ್ತಿಲ್ಲ. ನಮ್ಮ ತಮಟೆಗಳು ಆಗಲೇ ಬೀದಿ ತಿರುಗಿ ಊರ ದಾರಿ ಹಿಡಿದಿದ್ದವು.