ಕತ್ತೆಬೆನ್ನಿನ ಸೆಳವು

"ನಿನ್ನ ಎಡಗಣ್ಣು ಸತ್ತುಹೋಗಿದೆ ಡೆಲ್ಮರ್. ಅದನ್ನ ಒಪ್ಕೊಳ್ಳೋಕೆ ಇನ್ನೂ ಎಷ್ಟು ಬಂಡೆ ಬೇಕು ನಿನಗೆ?"

"ಸತ್ತಿರೋದು ಕಣ್ಣು, ನಾನಲ್ಲ. ಈಗಲೇ ಗುಂಡಿ ತೋಡೋಕೆ ನಿಲ್ಬೇಡ."

"ಉಳಿದ ಕಣ್ಣಲ್ಲಿ ನಿನ್ನೆ ಏನು ಕಂಡೆ? ನಡುನೀರಲ್ಲಿ ಲಾರಿ ಗಾತ್ರದ ಬಂಡೆ ಇತ್ತು. ಎರಡೂ ಕಡೆ ಬೇಕಾದಷ್ಟು ಜಾಗ ಇತ್ತು. ದೋಣೀನ ನೇರ ತಗೊಂಡ್ಹೋಗಿ ಅದಕ್ಕೇ ಗುದ್ದಿದೆ."

"ನಿನ್ನ ಹಿಟ್ಟು ನೆನೆದಿದ್ದಕ್ಕೆ ಇಷ್ಟೊಂದು ಸಿಟ್ಟಾ?"

"ಹಿಟ್ಟು ಹಾಳಾಗಿ ಹೋಗಲಿ. ಹುಟ್ಟು ಕೊಡು ಅಂತಿದೀನಿ ನಾನು."

ಹೇಳಿಬಿಟ್ಟಿದ್ದಳು. ಚಳಿಗಾಲದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಕೊನೆಗೂ ಹೊರಗೆ ಬಿದ್ದಿತ್ತು. ನೆಡ್ರಾ ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡು ಗಂಡನ ಮುಖ ನೋಡಿದಳು. ಅವನು ಅವಳನ್ನು ನೋಡಲಿಲ್ಲ, ಕೆಳಗೆ ನೀರನ್ನು ನೋಡುತ್ತಿದ್ದ.

ಸ್ಯಾನ್ ವಾನ್ ನದಿ ಅಲ್ಲಿ ಎರಡು ಕೆಂಪು ಗೋಡೆಗಳ ನಡುವೆ ಇಕ್ಕಟ್ಟಾಗಿ ಧುಮುಕುತ್ತಿತ್ತು. ನಡುವೆ ಕತ್ತೆಯ ಬೆನ್ನಿನ ಹಾಗೆ ಒಂದು ಕಪ್ಪು ಬಂಡೆ. ಅದಕ್ಕೆ ಅಪ್ಪಳಿಸಿದ ನೀರು ಬೆಳ್ಳಗೆ ಎದ್ದು ಎರಡಾಗಿ ಸೀಳಿ ಹೋಗುತ್ತಿತ್ತು. ಅದಕ್ಕೇ ಆ ಸೆಳವಿಗೆ ಕತ್ತೆಬೆನ್ನು ಅಂತ ಹೆಸರು. ದೋಣಿಯಲ್ಲಿ ಬಂದವರೆಲ್ಲ ಮೇಲೆಯೇ ಇಳಿದು, ದಡದ ಕಾಲುದಾರಿಯಲ್ಲಿ ಅವರು ನಿಂತಿದ್ದ ಈ ಕಲ್ಲಿನವರೆಗೆ ನಡೆದು, ದೋಣಿಯನ್ನು ಎಲ್ಲಿಂದ ಇಳಿಸುವುದು ಅಂತ ನೋಡಿಕೊಂಡು ಹಿಂದೆ ಹೋಗುತ್ತಾರೆ. ಕಾಲುದಾರಿ ಇಲ್ಲಿಗೇ ಮುಗಿಯುವುದಿಲ್ಲ. ಸೆಳವಿನ ಬುಡದ ತನಕ, ಅದರಾಚೆ ಮುಂದಿನ ಬಿಡಾರದ ಮರಳಿನ ತನಕವೂ ಹೋಗುತ್ತದೆ. ಆದರೆ ಅಷ್ಟು ದೂರ ನಡೆಯುವವರು ಮಕ್ಕಳು, ಬಸುರಿಯರು, ನೀರಿಗೆ ಅಂಜುವವರು. ಡೆಲ್ಮರ್ ಒಂದು ಸಲವೂ ನಡೆದವನಲ್ಲ.

ಅವನ ಅಕ್ಕ ಜಾರ್ಜೀನ್ ಪಕ್ಕದ ಕಲ್ಲಿನ ಮೇಲೆ ಕೂತು ಒಣಗಿದ ಏಪ್ರಿಕಾಟ್ ತಿನ್ನುತ್ತಿದ್ದಳು. ತನ್ನದೇ ಒಂಟಿ ದೋಣಿಯಲ್ಲಿ ಬಂದ ಹೆಂಗಸು. ಯಾರ ಹಂಗೂ ಇಲ್ಲ.

"ನೀವಿಬ್ರೂ ಮಾತು ಬಿಟ್ರೆ ನನಗೇನೂ ನಷ್ಟ ಇಲ್ಲ," ಅಂದಳು. "ಆದ್ರೆ ಆ ಕಕ್ಕಸಿನ ಡಬ್ಬಿ ಇದೆಯಲ್ಲ, ಅದನ್ನ ಹೊರೋಕೆ ಇಬ್ಬರು ಬೇಕು. ನನ್ನೊಬ್ಬಳ ಸೊಂಟ ಮುರೀಬೇಡಿ."

ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದರು. ಈ ನದಿಯಲ್ಲಿ ಬಿಡಾರ ಹೂಡಿದವರು ಏನನ್ನೂ ಬಿಟ್ಟುಹೋಗುವ ಹಾಗಿಲ್ಲ. ಒಲೆಯ ಬೂದಿ, ಈರುಳ್ಳಿ ಸಿಪ್ಪೆ, ಹೊಟ್ಟೆಯಿಂದ ಹೊರಗೆ ಹೋದದ್ದು, ಎಲ್ಲವೂ ಡಬ್ಬಿ ಸೇರಿ ದೋಣಿಯಲ್ಲೇ ವಾಪಸ್ಸು ಬರಬೇಕು. ಮರಳು ಹೇಗಿತ್ತೋ ಹಾಗೇ ಉಳಿಯಬೇಕು. ಡೆಲ್ಮರ್ ಅದರಲ್ಲಿ ಬಲು ಕಟ್ಟುನಿಟ್ಟು. ಅನ್ನದ ಅಗುಳು ಬಿದ್ದರೂ ಬಾಗಿ ಆರಿಸುತ್ತಿದ್ದ.

ಜಾರ್ಜೀನ್ ಎದ್ದು ಅಂಗೈ ಕೊಡವಿದಳು. "ನಾನು ಇಳೀತೀನಿ. ಕೆಳಗೆ ಹಗ್ಗ ಹಿಡ್ಕೊಂಡು ನಿಂತಿರ್ತೀನಿ. ನಿಮ್ಮಲ್ಲಿ ಯಾರು ತರ್ತೀರೋ ದೋಣಿ ತನ್ನಿ. ಕತ್ತಲಾಗೋದ್ರೊಳಗೆ ಬಂದ್ರೆ ಸಾಕು."

ಅವಳ ಪುಟ್ಟ ದೋಣಿ ಬಿಳಿನೀರಿನಲ್ಲಿ ಎರಡು ಸಲ ಮುಳುಗಿ ಎದ್ದು, ಬಂಡೆಯ ಎಡಕ್ಕೆ ಜಾರಿ, ಬುಡದ ತಿಳಿನೀರಿಗೆ ಸೇರುವ ತನಕ ಗಂಡ ಹೆಂಡತಿ ಉಸಿರು ಬಿಡಲಿಲ್ಲ. ಆಮೇಲೆ ಮತ್ತೆ ಶುರುವಾಯಿತು.

"ಹೊರಡೋ ದಿನ ಆ ರೇಂಜರ್ ಹುಡುಗಿ 'ಮುಖಂಡರು ಯಾರು' ಅಂದಾಗ್ಲೇ ನಿನ್ನ ತಲೆ ತಿರುಗ್ತು," ಅಂದ ಡೆಲ್ಮರ್. "ಈ ವರ್ಷ ಲಾಟರಿಯಲ್ಲಿ ನದಿಗಿಳಿಯೋ ಪರವಾನಗಿ ನಿನ್ನ ಹೆಸರಿಗೆ ಬಿದ್ದಿದ್ದೇ ತಡ, ಯಜಮಾನಿ ಆಗ್ಬಿಟ್ಟೆ."

"ನೀನು ಆಸ್ಪತ್ರೇಲಿದ್ದೆ. ನಾನು ಹೆಸರು ಹಾಕದೇ ಇದ್ದಿದ್ರೆ ನೀನೀಗ ಮನೇಲಿ ಕೂತು ಗೋಡೆ ನೋಡ್ತಿದ್ದೆ."

"ಅದಕ್ಕೆ ಥ್ಯಾಂಕ್ಸ್ ಹೇಳ್ಲಿಲ್ವಾ?"

"ಹೇಳ್ಲಿಲ್ಲ."

ಡೆಲ್ಮರ್ ಟೋಪಿ ತೆಗೆದು ಬೋಳು ತಲೆಯ ಬೆವರು ಒರೆಸಿಕೊಂಡ. "ಮೂವತ್ತು ವರ್ಷ ದೋಣಿ ಮುಂದೆ ಕಾಲು ಇಳಿಬಿಟ್ಕೊಂಡು ಹಕ್ಕಿ ನೋಡ್ತಿದ್ದವಳು ನೀನು. ಈ ಸೆಳವಿನ ವಿಷಯ ನಿನಗೇನು ಗೊತ್ತು?"

ಅದು ಪೂರ್ತಿ ಸುಳ್ಳಲ್ಲ. ಸಪಾಟು ನೀರಿನಲ್ಲಿ ನೆಡ್ರಾ ಹುಟ್ಟು ಹಾಕುತ್ತಿದ್ದಳು. ದೂರದಲ್ಲಿ ಸೆಳವಿನ ಸದ್ದು ಕೇಳಿದೊಡನೆ ಡೆಲ್ಮರ್ "ಏಳು" ಅನ್ನುತ್ತಿದ್ದ. ಅವಳು ಏಳುತ್ತಿದ್ದಳು, ಅವನು ಕೂರುತ್ತಿದ್ದ. ಮದುವೆಯಾದ ವಸಂತದಿಂದಲೂ ಹಾಗೇ. ಅವಳಿಗೆ ಅದರಲ್ಲಿ ಯಾವತ್ತೂ ಬೇಸರವಾಗಿರಲಿಲ್ಲ. ಶಾಲೆಯ ಬಸ್ಸು ಓಡಿಸಿ ವರ್ಷವೆಲ್ಲ ದುಡಿಯುವವಳಿಗೆ ಸೆಳವಿನಲ್ಲಾದರೂ ಇನ್ನೊಬ್ಬರು ನಡೆಸುವುದು ಹಿತವಾಗಿತ್ತು.

"ಹಕ್ಕಿ ನೋಡ್ತಿರಲಿಲ್ಲ," ಅಂದಳು. "ನೀರು ನೋಡ್ತಿದ್ದೆ."

"ಹಾಗಾದ್ರೆ ಹೇಳು. ಇಲ್ಲಿ ಹೇಗೆ ಇಳೀತಿ?"

"ಆ ನುಣುಪು ನೀರಿನ ನಾಲಿಗೆ ಇದೆಯಲ್ಲ, ಅದರ ಎಡ ಅಂಚಲ್ಲಿ ನಿಧಾನಕ್ಕೆ ಬಿಡ್ತೀನಿ. ದೋಣಿ ಮೂತಿ ಬಂಡೆ ಕಡೆಗೇ ಇರ್ಬೇಕು, ಹೆದರಿ ತಿರುಗಿಸಬಾರದು. ಅದನ್ನ ನೋಡ್ಕೊಂಡೇ ಹಿಂದಕ್ಕೆ ಎಳೀತೀನಿ, ಎಡದಡದ ಕಡೆಗೆ. ಆ ಗಿಡ್ಡ ಕಲ್ಲು ದಾಟಿದ ಮೇಲೆ ಎಳೆಯೋದು ನಿಲ್ಲಿಸಿ ಮೂತಿ ನೇರ ಮಾಡಿ ಬಿಟ್ಬಿಡ್ತೀನಿ. ಗಿಡ್ಡ ಕಲ್ಲಿಗಿಂತ ಮುಂಚೆ ನಿಲ್ಲಿಸಿದ್ರೆ ನದಿ ಮತ್ತೆ ನಡುವಿಗೇ ತಂದು ಹಾಕುತ್ತೆ. ನೀನು ಆ ವರ್ಷ ಮುಂಚೆ ನಿಲ್ಲಿಸಿದ್ದೆ, ನಾವು ಹುಟ್ಟು ಮುರ್ಕೊಂಡ್ವಿ."

ಡೆಲ್ಮರ್ ಬಲಗಣ್ಣು ಕಿರಿದು ಮಾಡಿ ಆ ಗಿಡ್ಡ ಕಲ್ಲಿನ ಕಡೆ ನೋಡಿದ. ಕೆಳಗೆ ನೀರು ಒಂದೇ ಸಮನೆ ಗದ್ದಲ ಮಾಡುತ್ತಿತ್ತು.

"ನಿನ್ನೆ ಬಂಡೆ ಬರ್ತಿರೋದು ನಿನಗೆ ಕಾಣಿಸ್ತಿತ್ತಾ?" ಅಂತ ಕೇಳಿದ.

"ಕಾಣಿಸ್ತಿತ್ತು."

"ಯಾವಾಗಿಂದ?"

"ತಿರುವು ದಾಟಿದಾಗಿಂದ."

"ಮತ್ತೆ ಯಾಕೆ ಕೂಗ್ಲಿಲ್ಲ?"

"ನಿನಗೂ ಕಾಣಿಸ್ತಿದೆ ಅನ್ಕೊಂಡೆ."

"ಸುಳ್ಳು ಹೇಳ್ಬೇಡ."

"ಸರಿ, ಸುಳ್ಳು," ಅಂದಳು. ನಯವಾಗಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಎತ್ತಿ ಹಾಕಿದಳು. "ಕೂಗಿದ್ರೆ ನಿನ್ನ ಕಣ್ಣು ಹೋಗಿದೆ ಅಂತ ನಾನೇ ಹೇಳಿದ ಹಾಗಾಗುತ್ತೆ ಅನ್ನಿಸ್ತು. ಹುಟ್ಟು ಬಿಟ್ರೆ ನೀನು ನದಿಯನ್ನೇ ಬಿಡ್ತೀಯ. ನೀನು ಬಿಟ್ರೆ ನನಗೂ ಇದು ಇಲ್ಲ. ನನ್ನಪ್ಪ ಈ ನೆಲಕ್ಕೆ ಹಲ್ಲಿ ಕೂಡ ಉಗುಳಲ್ಲ ಅಂತಿದ್ದ. ಇಲ್ಲಿ ಇಷ್ಟೆಲ್ಲ ಇದೆ ಅಂತ ತೋರಿಸಿದವನು ನೀನು. ಬಂಡೆಗಿಂತ ಇದೆಲ್ಲ ಕೈತಪ್ಪಿ ಹೋಗುತ್ತೆ ಅನ್ನೋದೇ ನನಗೆ ಹೆಚ್ಚು ಭಯ."

"ಅದಕ್ಕೆ ನನ್ನನ್ನ ಬಂಡೆಗೆ ಗುದ್ದೋಕೆ ಬಿಟ್ಟೆ."

"ಬಿಟ್ಟೆ."

ಅವನು ಟೋಪಿ ತಲೆಗೆ ಒತ್ತಿಕೊಂಡು, ತಿರುಗಿ, ದೋಣಿ ಕಟ್ಟಿದ್ದ ಕಡೆಗೆ ದಡದಡ ನಡೆದುಬಿಟ್ಟ.

ನೆಡ್ರಾ ಹಿಂದೆ ಹೋಗಲಿಲ್ಲ. ಅವನ ಸಿಟ್ಟು ಅವಳಿಗೆ ಗೊತ್ತು. ಎದ್ದು ಹೋಗುತ್ತಾನೆ, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾನೆ, ನೀರಿಗೆ ನಾಲ್ಕು ಕಲ್ಲು ಎಸೆಯುತ್ತಾನೆ, ಆಮೇಲೆ ಬಂದು ಏನೂ ಆಗದವನ ಹಾಗೆ "ಕಾಫಿ ಇದೆಯಾ" ಅನ್ನುತ್ತಾನೆ. ಪೊದೆಗಳ ಆಚೆಯಿಂದ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಬಂತು. ಬಡ್ಕೊಳ್ಳಲಿ, ಅಂದುಕೊಂಡಳು.

ಕಲ್ಲು ಬೆಳಗಿನ ಬಿಸಿಲಿಗೆ ಬೆಚ್ಚಗಾಗಿತ್ತು. ಅದರ ಮೇಲೆ ಕೂತಳು. ಎದುರುಗೋಡೆಯ ಅಂಚಿನಲ್ಲಿ ಕಾಡುಟಗರುಗಳ ಸಾಲು ಒಂದರ ಹಿಂದೆ ಒಂದು, ಕಾಲಿಡಲೂ ಜಾಗವಿಲ್ಲದ ಕಡೆ ಆರಾಮಾಗಿ ಹೋಗುತ್ತಿತ್ತು. ಒದ್ದೆ ಕೆಸರಿನ ಸಿಹಿ ವಾಸನೆ ಮೂಗಿಗೆ ಬಂತು. ಈ ದಡ ಸರ್ಕಾರದ್ದು, ಅಂದರೆ ಯಾರ ಬೇಲಿಯೂ ಇಲ್ಲದ್ದು. ಮದುವೆಯಾದ ವಸಂತದಲ್ಲಿ ಡೆಲ್ಮರ್, ರಸ್ತೆ ಸಮ ಮಾಡುವ ಯಂತ್ರ ಓಡಿಸುತ್ತಿದ್ದ ಒಬ್ಬ ಕೂಲಿಯವನು, ಮಿಲಿಟರಿಯವರು ಮಾರಿದ ಹಳೇ ರಬ್ಬರ್ ದೋಣಿಯಲ್ಲಿ ಹೊಸ ಹೆಂಡತಿಯನ್ನು ಕೂರಿಸಿಕೊಂಡು ರಾಜನ ಹಾಗೆ ಇದರ ನಡುವೆ ಹಾದುಹೋಗಿದ್ದ. ಆ ರಾತ್ರಿ ಅವಳು ಮರಳಿನ ಮೇಲೆ ಮಲಗಿ, ಇಷ್ಟು ನಕ್ಷತ್ರಗಳನ್ನು ನಮಗೆ ಬಿಟ್ಟಿ ಕೊಟ್ಟವರು ಯಾರು ಅಂತ ಕೇಳಿದ್ದಳು. "ನಾನು," ಅಂದಿದ್ದ. ಜಂಬದ ಮುಂಡೇದು. ಆದರೆ ಅವನು ಕೊಟ್ಟದ್ದೇ ನಿಜ. ಅದನ್ನು ಅವನಿಗೆ ಇಷ್ಟು ವರ್ಷದಲ್ಲಿ ಹೇಳಿಯೇ ಇರಲಿಲ್ಲ. ಇವತ್ತು ಹೇಳಿದ್ದು ಬೈಗುಳದ ಜೊತೆ ಬೆರೆತುಹೋಗಿತ್ತು.

ಸದ್ದು ನಿಂತು ತುಂಬ ಹೊತ್ತಾಗಿತ್ತು. ಕಲ್ಲು ಎಸೆಯುವ ಸದ್ದೂ ಇಲ್ಲ. ನೆಡ್ರಾ ಇಳಿದು ದೋಣಿಯ ಹತ್ತಿರ ಹೋದಳು.

ಅವನು ಅಲ್ಲಿರಲಿಲ್ಲ. ಸಾಮಾನೆಲ್ಲ ಬಿಗಿಯಾಗಿ ಕಟ್ಟಿತ್ತು. ಎಲ್ಲೋ ಪೊದೆಯ ಮರೆಗೆ ಹೋಗಿರಬೇಕು, ಬರಲಿ ಅಂತ ದೋಣಿ ಹತ್ತಿ ಹುಟ್ಟಿನವರ ಜಾಗದಲ್ಲಿ ಕೂತಳು. ಡೆಲ್ಮರ್ ಉದ್ದಕಾಲಿನವನು. ಕಾಲೂರುವ ಕಂಬಿಯನ್ನು ತನ್ನ ಅಳತೆಗೆ ದೂರಕ್ಕೆ ಬಿಗಿದಿಟ್ಟಿದ್ದ. ಅವಳು ಹುಟ್ಟು ಹಾಕುವಾಗೆಲ್ಲ ಐಸ್ ಪೆಟ್ಟಿಗೆಗೆ ಹಿಮ್ಮಡಿ ಒದ್ದುಕೊಂಡು ಹೇಗೋ ಸುಧಾರಿಸುತ್ತಿದ್ದಳು. ಈಗ ಸುಮ್ಮನೆ ಕಾಲು ಚಾಚಿದಳು. ಎರಡು ಪಾದವೂ ಕಂಬಿಗೆ ಒರಗಿ ಗಟ್ಟಿಯಾಗಿ ನಿಂತವು. ಬಾಗಿ ನೋಡಿದಳು. ಕಂಬಿ ಒಂದು ಗೇಣು ಹತ್ತಿರ ಬಂದಿತ್ತು. ತುಕ್ಕು ಹಿಡಿದ ಬೋಲ್ಟುಗಳ ಮೇಲೆ ಸ್ಪ್ಯಾನರ್ ಕಚ್ಚಿದ ಗುರುತು ಹೊಸದಾಗಿ ಹೊಳೆಯುತ್ತಿತ್ತು.

ತಲೆಯೆತ್ತಿದಳು. ಡೆಲ್ಮರ್ ಆಗಲೇ ಕಾಲುದಾರಿಯಲ್ಲಿ ದೂರ ಹೋಗಿದ್ದ, ಅವಳು ಕೂತಿದ್ದ ಕಲ್ಲಿಗಿಂತ ಎಷ್ಟೋ ಆಚೆ. ಮೇಲಿನ ದಾರಿಯಲ್ಲಿ, ಅವಳ ಬೆನ್ನ ಹಿಂದಿನಿಂದ ಸದ್ದಿಲ್ಲದೆ ದಾಟಿ ಹೋಗಿರಬೇಕು. ಎಡಗಣ್ಣು ಕಾಣದ ಕಡೆ ಕೈಯಿಂದ ಬಂಡೆ ಸವರಿಕೊಂಡು ಹುಷಾರಾಗಿ ಹೆಜ್ಜೆ ಇಡುತ್ತಿದ್ದ. ಸೆಳವಿನ ಬುಡದಲ್ಲಿ ಹಗ್ಗ ಹಿಡಿದು ನಿಂತಿದ್ದ ಜಾರ್ಜೀನ್ ಅವನಿಗೆ ಏನೋ ಕೂಗಿದಳು. ಅವನು ಒಂದು ಕೈ ಎತ್ತಿದ. ನಿಲ್ಲಲಿಲ್ಲ. ಅವಳು ಇಳಿಯುವುದನ್ನು ನಿಂತು ನೋಡಬಹುದಿತ್ತು, ಅಲ್ಲಿಂದ ಸೆಳವು ಪೂರ್ತಿ ಕಾಣುತ್ತದೆ. ಅವನು ನೋಡಲಿಲ್ಲ.

ನೆಡ್ರಾ ಹುಟ್ಟುಗಳ ಹಿಡಿಯ ಮೇಲೆ ಕೈ ಇಟ್ಟುಕೊಂಡು ಆ ಬೆನ್ನನ್ನೇ ನೋಡುತ್ತಾ ಕೂತಳು. ಅವನ ಲೈಫ್ ಜಾಕೆಟ್ಟಿನ ಕೆಂಪು, ಗೋಡೆಯ ಕೆಂಪಿನಲ್ಲಿ ಸಣ್ಣದಾಗುತ್ತಾ ಹೋಯಿತು. ತಿರುವಿನ ಹತ್ತಿರ ಒಂದು ಕಾಟನ್‌ವುಡ್ ಮರವಿತ್ತು. ಅವನು ಬಾಗಿ ಅದರ ಟೊಂಗೆಯ ಕೆಳಗೆ ದಾಟಿದ. ಅವನ ಭುಜ ತಾಗಿದ ಎಲೆಗಳು ಸ್ವಲ್ಪ ಹೊತ್ತು ಅಲುಗಾಡಿ, ಆಮೇಲೆ ಸುಮ್ಮನಾದವು.